ಸಣ್ಣ ಕಾರು ಸಿಟಿ ಟ್ರಾಫಿಕ್‌ನಲ್ಲಿ ಪೆಟ್ರೋಲನ್ನು ಎಲ್ಲೆಲ್ಲಿ ಸುಡುತ್ತದೆ

ಒಂದು ಲೀಟರ್ ಎಂಜಿನ್ನಿನ ಸಣ್ಣ ಪೆಟ್ರೋಲ್ ಕಾರನ್ನು ಸಮತಟ್ಟಾದ ಖಾಲಿ ರಸ್ತೆಯಲ್ಲಿ, ಎಸಿ ಹಾಕದೆ, 4ನೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ವೇಗಕ್ಕೆ ಹಿಡಿದುಕೊಂಡು ಹೋದರೆ ಲೀಟರಿಗೆ 28 ಕಿ.ಮೀ. ಆಸುಪಾಸು ಓಡುತ್ತದೆ. ಅದೇ ಕಾರು, ಅದೇ ಚಾಲಕ, ಎಸಿ ಹಾಕಿಕೊಂಡು ಸಂಜೆಯ ಜಾಮ್‌ಗೆ ಸಿಕ್ಕರೆ 9ಕ್ಕೂ ಇಳಿಯುತ್ತದೆ. ಮಧ್ಯೆ ಎಂಜಿನ್ನಿನಲ್ಲಿ ಏನೂ ಕೆಟ್ಟಿಲ್ಲ, ಪೆಟ್ರೋಲಿಗೆ ಏನೂ ಬೆರೆತಿಲ್ಲ. ಆದ್ದರಿಂದ ‘ಈ ಕಾರಿನ ಸಿಟಿ ಮೈಲೇಜ್ ಎಷ್ಟು?’ ಎಂಬ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಹುಡುಕುವುದು ವ್ಯರ್ಥ. ಕೇಳಬೇಕಾದದ್ದು ಬೇರೆ: ಒಂದು ಕಿಲೋಮೀಟರಿಗೆ ಎಷ್ಟು ಸಲ ನಿಂತಿರಿ, ಎಷ್ಟು ನಿಮಿಷ ಹಿಡಿಯಿತು?

ಸಿಟಿಯಲ್ಲಿ ಪೆಟ್ರೋಲ್ ಖರ್ಚು ಟ್ಯಾಕ್ಸಿ ಮೀಟರಿನಂತೆ ಏರುತ್ತದೆ. ಓಡಿದ ದೂರಕ್ಕೆ ಒಂದು ಲೆಕ್ಕ, ಕಾದ ಸಮಯಕ್ಕೆ ಇನ್ನೊಂದು. ಇವೆರಡರ ಜೊತೆಗೆ, ನಿಂತು ಮತ್ತೆ ಹೊರಟ ಪ್ರತಿ ಸಲಕ್ಕೂ ಒಂದು ದಂಡ. ಈ ಮೂರರ ಗಾತ್ರ ಎಷ್ಟೆಷ್ಟು ಎಂದು ಒಮ್ಮೆ ತಿಳಿದರೆ, ಯಾವ ಉಳಿತಾಯದ ಸಲಹೆಯಲ್ಲಿ ಹುರುಳಿದೆ, ಯಾವುದು ಬರೀ ಮಾತು ಎಂಬುದು ತಾನಾಗಿ ಬೇರೆಯಾಗುತ್ತದೆ.

ಒಂದು ಕಿಲೋಮೀಟರಿನ ಲೆಕ್ಕ

ಚಾಲಕನನ್ನೂ ಸೇರಿಸಿ ಕಾರಿನ ತೂಕ 1,000 ಕೆ.ಜಿ. ಎಂದಿಟ್ಟುಕೊಳ್ಳಿ. ಟೈರುಗಳು ಉರುಳುವಾಗಿನ ಪ್ರತಿರೋಧ ಸುಮಾರು 110 ನ್ಯೂಟನ್. ಅಂದರೆ ಒಂದು ಕಿಲೋಮೀಟರಿಗೆ 110 ಕಿಲೋಜೌಲ್ ಶಕ್ತಿ. ಗಾಳಿಯ ತಡೆ ಸಿಟಿ ವೇಗದಲ್ಲಿ ತೀರಾ ಕಡಿಮೆ, ನಿಂತು ಓಡುವ ಟ್ರಾಫಿಕ್‌ನಲ್ಲಿ ಕಿಲೋಮೀಟರಿಗೆ 25 ಕಿಲೋಜೌಲ್ ಸುತ್ತಮುತ್ತ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 100 ಕಿ.ಮೀ. ವೇಗದ ಹೆದ್ದಾರಿಯಲ್ಲಿ ಅದೇ ದೊಡ್ಡ ಶತ್ರು. ಸಿಟಿಯಲ್ಲಿ ಅದನ್ನು ಮರೆತರೂ ನಡೆಯುತ್ತದೆ.

ಇನ್ನು ಬ್ರೇಕ್. 40 ಕಿ.ಮೀ. ವೇಗದಲ್ಲಿರುವ 1,000 ಕೆ.ಜಿ. ಕಾರಿನೊಳಗೆ 62 ಕಿಲೋಜೌಲ್ ಚಲನಶಕ್ತಿ ಇರುತ್ತದೆ. ಬ್ರೇಕ್ ಒತ್ತಿದಾಗ ಅದೆಲ್ಲ ಡಿಸ್ಕ್‌ನಲ್ಲಿ ಶಾಖವಾಗಿ ಹೋಗುತ್ತದೆ. ಕಿಲೋಮೀಟರಿಗೆ ಮೂರು ಸಲ ನಿಂತರೆ, ಕಾಲು ತೆಗೆದು ಉರುಳಿದಾಗ ದಾರಿಗೆ ಸಂದಷ್ಟನ್ನು ಕಳೆದರೂ ಸುಮಾರು 150 ಕಿಲೋಜೌಲ್ ಬ್ರೇಕಿನ ಪಾಲು. ಉರುಳುವುದಕ್ಕೂ ಗಾಳಿ ಸೀಳುವುದಕ್ಕೂ ಸೇರಿ ಬೇಕಾಗುವುದಕ್ಕಿಂತ ಇದು ಹೆಚ್ಚು.

ಒಟ್ಟು ಚಕ್ರಕ್ಕೆ ಮುಟ್ಟಬೇಕಾದದ್ದು 285 ಕಿಲೋಜೌಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32,000 ಕಿಲೋಜೌಲ್ ಇದೆ, ಆದರೆ ಸಿಟಿ ಓಟದಲ್ಲಿ ಚಕ್ರದವರೆಗೆ ತಲುಪುವುದು ಅದರ ಶೇ. 22ರಷ್ಟು ಮಾತ್ರ. ಹಾಗಾಗಿ ಓಡಿದ್ದಕ್ಕೆ 40 ಮಿ.ಲೀ. ಸರಾಸರಿ 15 ಕಿ.ಮೀ. ವೇಗದಲ್ಲಿ ಈ ಒಂದು ಕಿಲೋಮೀಟರಿಗೆ 4 ನಿಮಿಷ ಬೇಕು. ಅದರಲ್ಲಿ ಒಂದೂವರೆ ನಿಮಿಷ ನಿಂತೇ ಕಳೆದರೆ, ಐಡಲ್ (ಕಾರು ನಿಂತಿದ್ದು ಎಂಜಿನ್ ಮಾತ್ರ ಓಡುವ ಸ್ಥಿತಿ) ಖರ್ಚು ನಿಮಿಷಕ್ಕೆ 10 ಮಿ.ಲೀ.ನಂತೆ ಇನ್ನೂ 15 ಮಿ.ಲೀ. ಅಲ್ಲಿಗೆ 55 ಮಿ.ಲೀ., ಲೀಟರಿಗೆ 18 ಕಿ.ಮೀ. ಬಿಸಿಲಿನಲ್ಲಿ ಎಸಿ ಹಾಕಿದರೆ ನಾಲ್ಕು ನಿಮಿಷಕ್ಕೆ 20ರಿಂದ 25 ಮಿ.ಲೀ. ಸೇರಿಕೊಳ್ಳುತ್ತದೆ. ಈಗ ಲೀಟರಿಗೆ 13 ಕಿ.ಮೀ.

ಸರಾಸರಿ ವೇಗ 8 ಕಿ.ಮೀ.ಗೆ ಕುಸಿದರೆ ಅದೇ ದೂರಕ್ಕೆ ಏಳೂವರೆ ನಿಮಿಷ. ಆಗ ಎಸಿ ಮತ್ತು ಐಡಲ್ ಎರಡೇ ಸೇರಿ 80 ಮಿ.ಲೀ. ತಿನ್ನುತ್ತವೆ, ಕಾರು ಓಡಿದ್ದಕ್ಕೆ ಖರ್ಚಾದದ್ದು ಅದರ ಅರ್ಧವೂ ಇರುವುದಿಲ್ಲ. 9ಕ್ಕಿಂತ ಕೆಳಗಿನ ಮೈಲೇಜ್ ಬರುವುದು ಹೀಗೆ. ಇಂಥ ದಾರಿಯಲ್ಲಿ ಕಾರು ಓಡಿಸುವವರಿಗೆ ಗೇರ್ ಹಾಕುವ ಕಲೆಗಿಂತ ಅರ್ಧ ಗಂಟೆ ಮೊದಲೇ ಹೊರಡುವುದು, ಇಲ್ಲವೇ ಎರಡು ಕಿಲೋಮೀಟರ್ ಸುತ್ತಾದರೂ ನಿಲ್ಲದ ದಾರಿ ಹಿಡಿಯುವುದು ಹೆಚ್ಚು ಉಳಿಸಿಕೊಡುತ್ತದೆ. ನಿಲ್ಲದೆ 40ರಲ್ಲಿ ಹೋಗುವ ಎರಡು ಕಿಲೋಮೀಟರಿಗೆ ಬೇಕಾಗುವುದು ಸುಮಾರು 70 ಮಿ.ಲೀ., ತೆವಳುವ ಒಂದು ಕಿಲೋಮೀಟರಿಗೆ 115ರಿಂದ 120.

ಎಂಜಿನ್ ತನಗಾಗಿ ತಿನ್ನುವ ಪಾಲು

ಐಡಲ್‌ನಲ್ಲಿ ಗಂಟೆಗೆ 0.6 ಲೀಟರ್ ಎಂದರೆ ಸಣ್ಣದೆನಿಸಬಹುದು. ಆದರೆ ಕಾರು ಕದಲದೆ ನಿಂತಿರುವಾಗ 5 ಕಿಲೋವ್ಯಾಟ್‌ನಷ್ಟು ಇಂಧನ ಶಕ್ತಿ ಸುಟ್ಟುಹೋಗುತ್ತಿದೆ ಎಂದು ಅದರ ಅರ್ಥ. ಅದರಲ್ಲಿ ಬಹುಪಾಲು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಶಾಖವಾಗಿ ಹೋಗುತ್ತದೆ. ಉಳಿದದ್ದು ಪಿಸ್ಟನ್ ರಿಂಗ್, ಬೇರಿಂಗ್, ವಾಲ್ವ್‌ಗಳ ಘರ್ಷಣೆಯನ್ನು ಮೀರಿ ಎಂಜಿನ್ ತಿರುಗುತ್ತಿರಲಿಕ್ಕೇ ಸಂದುಹೋಗುತ್ತದೆ.

ಓಡುವಾಗಲೂ ಈ ಖರ್ಚು ತಪ್ಪದು. 50 ಕಿಲೋವ್ಯಾಟ್ ಸಾಮರ್ಥ್ಯದ ಎಂಜಿನ್ ಇರುವ ಕಾರಿಗೆ ಸಮತಟ್ಟಿನಲ್ಲಿ 40 ಕಿ.ಮೀ. ವೇಗ ಕಾಪಾಡಲು ಬೇಕಾಗುವುದು 2 ಕಿಲೋವ್ಯಾಟ್, ಅಂದರೆ ಶೇ. 4 ಮಾತ್ರ. ಆ ಹೊತ್ತಿನಲ್ಲಿ ಎಂಜಿನ್ ತನ್ನ ಘರ್ಷಣೆಗೆ ಮತ್ತು ಗಾಳಿ ಎಳೆದುಕೊಳ್ಳುವ ಶ್ರಮಕ್ಕೆ ಸುಮಾರು ಅಷ್ಟನ್ನೇ ಬಳಸಿಕೊಳ್ಳುತ್ತದೆ. ಗಾಳಿ ಎಳೆಯುವ ಶ್ರಮವೆಂದರೆ: ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ಕಡಿಮೆ ಮಾಡುವುದು ಥ್ರಾಟಲ್ ಎಂಬ ಬಾಗಿಲನ್ನು ಅರೆ ಮುಚ್ಚಿ. ಅರೆ ಮುಚ್ಚಿದ ಬಾಗಿಲಿನ ಸಂದಿಯಿಂದ ಗಾಳಿ ಎಳೆಯಲು ಪಿಸ್ಟನ್ ಹೆಣಗಬೇಕು. ಒಳ್ಳೆಯ ಭಾರದಲ್ಲಿ ಶೇ. 34ರವರೆಗೂ ಹೋಗುವ ಎಂಜಿನ್ ದಕ್ಷತೆ ಹಗುರ ಭಾರದಲ್ಲಿ ಶೇ. 20ರ ಹತ್ತಿರಕ್ಕೆ ಬೀಳಲು ಇದೇ ಕಾರಣ.

ಮೇಲಿನ ಗೇರ್ ಉಳಿತಾಯ ಮಾಡಿಕೊಡುವುದೂ ಇದರಿಂದಲೇ. ಸಾಮಾನ್ಯ ಸಣ್ಣ ಕಾರಿನಲ್ಲಿ 40 ಕಿ.ಮೀ. ವೇಗಕ್ಕೆ 3ನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2,150 ಸುತ್ತು ಸುತ್ತಿದರೆ 4ರಲ್ಲಿ 1,550 ಸುತ್ತು ಸಾಕು. ಸುತ್ತು ಕಡಿಮೆಯಾದಷ್ಟು ಘರ್ಷಣೆ ಕಡಿಮೆ, ಥ್ರಾಟಲ್ ಸ್ವಲ್ಪ ಹೆಚ್ಚು ತೆರೆಯುವುದರಿಂದ ಎಳೆತದ ಶ್ರಮವೂ ಕಡಿಮೆ. ಈ ಒಂದು ಗೇರಿನ ವ್ಯತ್ಯಾಸ ಶೇ. 15ರ ಆಸುಪಾಸು. ಹಾಗೆಂದು 5ನೇ ಗೇರಿಗೆ ಹಾಕಿ 1,200 ಸುತ್ತಿನಲ್ಲಿ ಎಂಜಿನ್ನನ್ನು ನರಳಿಸಬಾರದು. ಅಷ್ಟು ಕೆಳಗೆ ಭಾರ ಬಿದ್ದರೆ ನಾಕಿಂಗ್ (ಪೆಟ್ರೋಲ್ ಅಕಾಲದಲ್ಲಿ ಸಿಡಿಯುವುದು) ತಡೆಯಲು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಕಿಡಿಯನ್ನು ತಡಮಾಡುತ್ತದೆ, ದಕ್ಷತೆ ಮತ್ತೆ ಬೀಳುತ್ತದೆ. ಮೂರು ಸಿಲಿಂಡರ್ ಎಂಜಿನ್ ಆದರೆ ಗಾಡಿಯೇ ನಡುಗಿ ಹೇಳಿಬಿಡುತ್ತದೆ.

ಹೊರಡುವಾಗ ಎಷ್ಟು ಒತ್ತಬೇಕು? ‘ಮೊಟ್ಟೆಯ ಮೇಲೆ ಕಾಲಿಟ್ಟಂತೆ’ ಒತ್ತಿ ಎನ್ನುವ ಸಲಹೆ ಅರ್ಧ ಮಾತ್ರ ಸರಿ. ತೀರಾ ಮೆಲ್ಲಗೆ ಒತ್ತಿದರೆ 1 ಮತ್ತು 2ನೇ ಗೇರಿನಲ್ಲಿ ಹೆಚ್ಚು ಹೊತ್ತು ಉಳಿಯಬೇಕಾಗುತ್ತದೆ, ಅವೆರಡೂ ದುಬಾರಿ ಗೇರುಗಳು. ಪೆಡಲನ್ನು ಅರ್ಧಕ್ಕೆ ಹತ್ತಿರ ಒತ್ತಿ, 2,000ದಿಂದ 2,500 ಸುತ್ತಿನೊಳಗೆ ಗೇರ್ ಬದಲಿಸಿ ಬೇಗ 3 ಅಥವಾ 4ಕ್ಕೆ ಹೋಗುವುದು ಒಳ್ಳೆಯದು. ಪೆಡಲನ್ನು ಪೂರ್ತಿ ತುಳಿದಾಗ ಮಾತ್ರ ಇಸಿಯು ಎಂಜಿನ್ ತಂಪಿಗೂ ಶಕ್ತಿಗೂ ಎಂದು ಲೆಕ್ಕಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಅಲ್ಲಿಗೆ ಹೋಗದಿದ್ದರೆ ಸಾಕು.

ಮುಖ್ಯ ಪ್ರಶ್ನೆ ಎಷ್ಟು ಜೋರಾಗಿ ವೇಗ ಹಿಡಿದಿರಿ ಎಂಬುದಲ್ಲ, ಯಾವ ವೇಗದವರೆಗೆ ಹಿಡಿದಿರಿ ಎಂಬುದು. ಚಲನಶಕ್ತಿಯೂ ವೇಗದ ವರ್ಗಕ್ಕೇ ಕಟ್ಟುಬಿದ್ದದ್ದು. 40ಕ್ಕೆ ಏರಿ ನಿಂತರೆ ಸುಮಾರು 9 ಮಿ.ಲೀ. ಪೆಟ್ರೋಲ್ ಬ್ರೇಕಿಗೆ ಹೋಯಿತು, 60ಕ್ಕೆ ಏರಿ ನಿಂತರೆ 20 ಮಿ.ಲೀ. ಎದುರಿನ ಸಿಗ್ನಲ್ 300 ಮೀಟರ್ ದೂರದಲ್ಲಿ ಕೆಂಪಾಗಿ ಕಾಣುತ್ತಿರುವಾಗ 60ಕ್ಕೆ ಏರಿಸುವುದೆಂದರೆ ಒಂದು ನಿಮಿಷಕ್ಕೂ ಹೆಚ್ಚಿನ ಐಡಲ್ ಖರ್ಚನ್ನು ಸುಮ್ಮನೆ ಕೊಟ್ಟು, ಅದೇ ಸಾಲಿನಲ್ಲಿ ಹೋಗಿ ನಿಲ್ಲುವುದು. ಅದೇ ಸಿಗ್ನಲ್ಲಿಗೆ ಮೊದಲೇ ಕಾಲು ತೆಗೆದು, 25ರಲ್ಲಿ ಉರುಳುತ್ತಿರುವಾಗಲೇ ಹಸಿರು ಸಿಕ್ಕರೆ, 40ಕ್ಕೆ ಮರಳಲು ಬೇಕಾದ ಶಕ್ತಿಯಲ್ಲಿ ಶೇ. 39ರಷ್ಟು ಕಾರಿನಲ್ಲೇ ಉಳಿದಿರುತ್ತದೆ, ಜೊತೆಗೆ 1ನೇ ಗೇರೂ ಹಾಫ್ ಕ್ಲಚ್ಚೂ ತಪ್ಪುತ್ತವೆ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗುವವರಿಗೆ ಈ ಅವಕಾಶವೇ ಸಿಗುವುದಿಲ್ಲ. ಮುಂದಿನವರು ಬ್ರೇಕ್ ಮುಟ್ಟಿದಾಗಲೆಲ್ಲ ಇವರೂ ಮುಟ್ಟಬೇಕು. ಮೂರು ಸೆಕೆಂಡಿನ ಅಂತರ ಇಟ್ಟುಕೊಂಡರೆ ಅವರ ಬ್ರೇಕಿಗೆ ನೀವು ಕಾಲು ತೆಗೆದರೆ ಸಾಕಾಗುತ್ತದೆ. ಹಾಗೆ ಬಿಟ್ಟ ಜಾಗಕ್ಕೆ ಇನ್ನೊಬ್ಬರು ನುಗ್ಗುವುದು ಖಂಡಿತ; ನುಗ್ಗಿದರೂ ಲೆಕ್ಕ ನಿಮ್ಮ ಪರವೇ ಇರುತ್ತದೆ.

ನ್ಯೂಟ್ರಲ್ ಎಂಬ ಹಳೆಯ ನಂಬಿಕೆ

ಇಳಿಜಾರು ಸಿಕ್ಕರೆ, ಸಿಗ್ನಲ್ ಕಂಡರೆ ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ ಕಾರ್ಬ್ಯುರೇಟರ್ ಕಾಲದ್ದು. ಇಂಜೆಕ್ಷನ್ ಇರುವ ಕಾರಿನಲ್ಲಿ ಗೇರಿನಲ್ಲಿರುವಾಗ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ ಇಸಿಯು ಇಂಜೆಕ್ಟರ್‌ಗಳನ್ನು ಮುಚ್ಚಿಬಿಡುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪೆಟ್ರೋಲ್ ಖರ್ಚು ಸೊನ್ನೆ. ಸುತ್ತು 1,200ರ ಸುಮಾರಿಗೆ ಇಳಿದ ಮೇಲೆ, ಎಂಜಿನ್ ನಿಲ್ಲದಿರಲೆಂದು ಇಂಧನ ಮತ್ತೆ ಬರುತ್ತದೆ. 3ನೇ ಗೇರಿನಲ್ಲಿ ಇದು 25 ಕಿ.ಮೀ. ವೇಗದವರೆಗೂ ಕೆಲಸ ಮಾಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಕಾರಾದರೆ ಕಾಲು ತೆಗೆದ ಕೂಡಲೇ ಅಂಕಿ ತುತ್ತತುದಿಗೆ ಹಾರುವುದನ್ನು ನೋಡಬಹುದು. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ತನ್ನ ಐಡಲ್ ಪೆಟ್ರೋಲನ್ನು ಕುಡಿಯುತ್ತಲೇ ಇರುತ್ತದೆ.

ನ್ಯೂಟ್ರಲ್‌ನಲ್ಲಿ ಎಂಜಿನ್ ಹಿಡಿತ ಇಲ್ಲದ್ದರಿಂದ ಕಾರು ಹೆಚ್ಚು ದೂರ ಉರುಳುತ್ತದೆ ಎಂಬುದು ನಿಜ. ಆದರೆ ಸಿಟಿಯಲ್ಲಿ ಅಷ್ಟು ದೂರ ಉರುಳಲು ಜಾಗ ಎಲ್ಲಿದೆ? ಕೊನೆಗೆ ಹೇಗೂ ನಿಲ್ಲಬೇಕಾದಲ್ಲಿ ಗೇರಿನಲ್ಲಿಯೇ ಬಿಡುವುದು ಸರಿ. ಇಳಿಜಾರಿನಲ್ಲಿ ಎಂಜಿನ್ನನ್ನೇ ಆಫ್ ಮಾಡುವುದಂತೂ ಬೇಡವೇ ಬೇಡ: ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಪವರ್ ಸ್ಟಿಯರಿಂಗ್ ಸತ್ತುಹೋಗುತ್ತದೆ, ಕೀ ಪೂರ್ತಿ ತಿರುಗಿದರೆ ಸ್ಟಿಯರಿಂಗ್ ಲಾಕ್ ಕೂಡ ಬೀಳಬಹುದು.

ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಆಫ್ ಮಾಡುವ ವಿಚಾರ ಬೇರೆ. ಬಿಸಿಯಾದ ಇಂಜೆಕ್ಷನ್ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹತ್ತು ಸೆಕೆಂಡಿನ ಐಡಲ್‌ಗಿಂತ ಹೆಚ್ಚು ಪೆಟ್ರೋಲ್ ಬೇಡ. ಆದರೂ ಹತ್ತು ಸೆಕೆಂಡಿಗೆಲ್ಲ ಆಫ್ ಮಾಡುವುದು ಜಾಣತನವಲ್ಲ. ಸ್ಟಾರ್ಟ್-ಸ್ಟಾಪ್ ವ್ಯವಸ್ಥೆ ಕಾರಿನ ಜೊತೆಗೇ ಬಂದಿದ್ದರೆ ಅದರ ಸ್ಟಾರ್ಟರ್ ಮೋಟರೂ ಬ್ಯಾಟರಿಯೂ ಪದೇಪದೇ ಸ್ಟಾರ್ಟ್ ಮಾಡಲೆಂದೇ ಗಟ್ಟಿಯಾಗಿ ಮಾಡಿದಂಥವು. ಸಾಮಾನ್ಯ ಬ್ಯಾಟರಿಯ ಕಾರಿನಲ್ಲಿ 30 ಸೆಕೆಂಡಿಗಿಂತ ಹೆಚ್ಚು ನಿಲ್ಲುವುದು ಖಚಿತವಿದ್ದಾಗ ಮಾತ್ರ ಆಫ್ ಮಾಡಿ, ಸಿಗ್ನಲ್ ಟೈಮರ್ ಇದ್ದರೆ ಅದನ್ನು ನೋಡಿಕೊಂಡು. ಸ್ಟಾರ್ಟ್-ಸ್ಟಾಪ್ ಇದ್ದೂ ಎಂಜಿನ್ ನಿಲ್ಲುತ್ತಿಲ್ಲ ಎಂದು ಹಲವರು ದೂರುತ್ತಾರೆ. ಎಂಜಿನ್ ಇನ್ನೂ ಬಿಸಿಯಾಗದಿದ್ದರೆ, ಎಸಿ ಇನ್ನೂ ತಂಪು ಮುಟ್ಟದಿದ್ದರೆ, ಬ್ಯಾಟರಿ ಚಾರ್ಜ್ ಕಡಿಮೆಯಿದ್ದರೆ ಅದು ಬೇಕೆಂದೇ ನಿಲ್ಲಿಸುವುದಿಲ್ಲ. ಎಂದೂ ನಿಲ್ಲದಿದ್ದರೆ ಬ್ಯಾಟರಿ ಹಳತಾಗಿದೆಯೇ ಎಂದು ಮೊದಲು ನೋಡಿಸಿ. ಬದಲಿಸುವಾಗ ಅಗ್ಗದ ಸಾಮಾನ್ಯ ಬ್ಯಾಟರಿ ಹಾಕಿಸಿದರೆ ಅದು ಬೇಗ ಸೋಲುತ್ತದೆ, ವ್ಯವಸ್ಥೆ ಮತ್ತೆ ಮಲಗುತ್ತದೆ.

ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಕಾರನ್ನು ‘ಡಿ’ಯಲ್ಲಿಟ್ಟು ಬ್ರೇಕ್ ಹಿಡಿದು ನಿಂತರೆ ಎಂಜಿನ್ ಎಣ್ಣೆಯನ್ನು ಕಡೆಯುತ್ತಿರುತ್ತದೆ, ಒಂದು ನಿಮಿಷ ನಿಲ್ಲುವುದಿದ್ದರೆ ‘ಎನ್’ಗೆ ಹಾಕುವುದು ಲಾಭ. ಎಎಂಟಿಯಲ್ಲಿ (ಮ್ಯಾನ್ಯುವಲ್ ಗೇರನ್ನೂ ಕ್ಲಚ್ಚನ್ನೂ ಯಂತ್ರವೇ ನಡೆಸುವ ಆಟೋಮ್ಯಾಟಿಕ್) ನಿಂತಾಗ ಕ್ಲಚ್ ತಾನೇ ಬಿಡುವುದರಿಂದ ಈ ನಷ್ಟ ಹೆಚ್ಚಿಲ್ಲ, ಆದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿದು ನಿಲ್ಲಿಸಿದರೆ ಪೆಟ್ರೋಲೂ ಹೋಗುತ್ತದೆ, ಕ್ಲಚ್ ಪ್ಲೇಟೂ ಸುಡುತ್ತದೆ. ಮ್ಯಾನ್ಯುವಲ್‌ನಲ್ಲಿ ಹಾಫ್ ಕ್ಲಚ್ ಹಿಡಿದು ನಿಲ್ಲುವವರಿಗೂ ಇದೇ ಮಾತು. ಹ್ಯಾಂಡ್‌ಬ್ರೇಕ್ ಇರುವುದು ಅದಕ್ಕೇ.

ಎಸಿ

ದೊಡ್ಡ ಕಾರಿಗೂ ಸಣ್ಣ ಕಾರಿಗೂ ಎಸಿ ಹೊರಬೇಕಾದ ಬಿಸಿಲಿನ ಭಾರದಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ, ಆದರೆ ಎಂಜಿನ್ ಚಿಕ್ಕದು. ಹಾಗಾಗಿ ಸಣ್ಣ ಕಾರಿನ ಮೈಲೇಜ್ ಮೇಲೆ ಏಟು ಜೋರು. ಕಂಪ್ರೆಸರ್ ಎಂಜಿನ್ನಿನಿಂದ ಒಂದರಿಂದ ಮೂರು ಕಿಲೋವ್ಯಾಟ್ ಎಳೆಯುತ್ತದೆ. ಈ ಖರ್ಚು ದೂರಕ್ಕಲ್ಲ, ಸಮಯಕ್ಕೆ. ಗಂಟೆಗೆ ಸುಮಾರು ಮೂರನೇ ಒಂದು ಲೀಟರ್. 60ರಲ್ಲಿ ಓಡುವಾಗ ಅದು 60 ಕಿ.ಮೀ.ಗೆ ಹಂಚಿಹೋಗುತ್ತದೆ, 10ರಲ್ಲಿ ತೆವಳುವಾಗ 10 ಕಿ.ಮೀ.ಗೆ.

ತಾಪಮಾನದ ಗುಂಡಿಯನ್ನು ಸ್ವಲ್ಪ ಬಿಸಿಯತ್ತ ತಿರುಗಿಸಿದರೆ ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೈಯಿಂದ ತಿರುಗಿಸುವ ಮಾಮೂಲಿ ಎಸಿಯಲ್ಲಿ ಇದು ಬಹುಮಟ್ಟಿಗೆ ತಪ್ಪು. ಅಲ್ಲಿ ಆ ಗುಂಡಿ ಮಾಡುವುದು ತಣ್ಣಗಾದ ಗಾಳಿಗೆ ಹೀಟರಿನ ಬಿಸಿಗಾಳಿಯನ್ನು ಬೆರೆಸುವುದನ್ನು. ಕಂಪ್ರೆಸರ್ ಮಾತ್ರ ಎವಾಪರೇಟರ್ (ಒಳಗಿನ ಗಾಳಿಯನ್ನು ತಣ್ಣಗೆ ಮಾಡುವ ಸುರುಳಿ) ಹಿಮಗಟ್ಟುವ ಹಂತಕ್ಕೆ ಬರುವವರೆಗೂ ದುಡಿಯುತ್ತದೆ. ತಂಪು ಹೆಚ್ಚಾದರೆ ಗುಂಡಿಯನ್ನು ಪೂರ್ತಿ ತಂಪಿನಲ್ಲೇ ಬಿಟ್ಟು ಫ್ಯಾನಿನ ವೇಗ ಇಳಿಸಿ. ಎವಾಪರೇಟರ್ ಮೇಲೆ ಹಾಯುವ ಗಾಳಿ ಕಡಿಮೆಯಾದರೆ ಅದು ಬೇಗ ತಣ್ಣಗಾಗುತ್ತದೆ, ಕಂಪ್ರೆಸರ್ ಹೆಚ್ಚು ಹೊತ್ತು ಬಿಡುವಾಗಿರುತ್ತದೆ. ಹೊರಗಾಳಿ ಮುಚ್ಚಿ ಒಳಗಿನ ಗಾಳಿಯನ್ನೇ ತಿರುಗಿಸುವ ರೀಸರ್ಕ್ಯುಲೇಶನ್ ಗುಂಡಿಯೂ ದೊಡ್ಡ ಉಳಿತಾಯ, 40 ಡಿಗ್ರಿ ಗಾಳಿಯ ಬದಲು 26 ಡಿಗ್ರಿ ಗಾಳಿಯನ್ನು ತಂಪು ಮಾಡಿದರಾಯಿತು. ತೂಕಡಿಕೆ ಬರದಿರಲು ಆಗಾಗ ಹೊರಗಾಳಿ ಬಿಟ್ಟುಕೊಳ್ಳಬೇಕು. ಬಿಸಿಲಿನಲ್ಲಿ ನಿಂತ ಕಾರಿಗೆ ಹತ್ತಿದಾಗ ಮೊದಲ ಒಂದೆರಡು ನಿಮಿಷ ಕಿಟಕಿ ಇಳಿಸಿ ಓಡಿಸಿ, ಆಮೇಲೆ ಎಸಿ ಹಾಕಿ. ಸಿಟಿ ವೇಗದಲ್ಲಿ ಕಿಟಕಿ ತೆರೆದರೆ ಗಾಳಿಯ ತಡೆ ಹೆಚ್ಚಿ ಮೈಲೇಜ್ ಬೀಳುತ್ತದೆ ಎಂಬ ಹೆದರಿಕೆ ಬೇಡ. ಅದು 80 ದಾಟಿದ ಮೇಲಿನ ಮಾತು.

ಕಂಪ್ರೆಸರ್ ಎಂದೂ ಬಿಡುವು ಪಡೆಯದೆ ಓಡುತ್ತಲೇ ಇದ್ದರೆ ಗ್ಯಾಸ್ ಕಡಿಮೆಯಾಗಿರಬಹುದು, ಇಲ್ಲವೇ ರೇಡಿಯೇಟರ್ ಮುಂದಿರುವ ಕಂಡೆನ್ಸರಿನ ರೆಕ್ಕೆಗಳಲ್ಲಿ ಧೂಳು, ಕೀಟ ತುಂಬಿರಬಹುದು. ಎರಡನೆಯದನ್ನು ಮೆಲ್ಲಗೆ ನೀರು ಹಾಯಿಸಿ ತೊಳೆದರೆ ಸರಿಹೋಗುತ್ತದೆ. ಜೋರು ಪ್ರೆಶರ್ ಹಾಕಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಎರಡು ಕಿಲೋಮೀಟರಿನ ಓಡಾಟ

ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಆದ್ದರಿಂದ ಇಸಿಯು ಹೆಚ್ಚು ಸುರಿಯುತ್ತದೆ. ಆಯಿಲ್ ಮಂದವಾಗಿರುವುದರಿಂದ ಘರ್ಷಣೆ ಹೆಚ್ಚು, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಬಿಸಿ ಮಾಡಲು ಐಡಲ್ ಕೂಡ ಮೇಲಿರುತ್ತದೆ. ಮೊದಲ ಎರಡು ಮೂರು ಕಿಲೋಮೀಟರ್ ಇದೇ ಕಥೆ. ಬೆಳಿಗ್ಗೆ ಒಂದು ಕೆಲಸಕ್ಕೆ ಹೋಗಿ ಬಂದು, ಮಧ್ಯಾಹ್ನ ಇನ್ನೊಂದಕ್ಕೆ ಹೋಗಿ ಬಂದರೆ ಕಾರಿನ ಇಡೀ ಬದುಕು ಈ ದುಬಾರಿ ಹಂತದಲ್ಲೇ ಕಳೆಯುತ್ತದೆ. ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸಿದರೆ ಬಿಸಿ ಎಂಜಿನ್ನಿನ ಲಾಭ ಸಿಗುತ್ತದೆ. ನಿಂತಲ್ಲೇ ಐದು ನಿಮಿಷ ಎಂಜಿನ್ ಬಿಸಿ ಮಾಡುವುದರಿಂದ 50 ಮಿ.ಲೀ. ಹೋಯಿತೇ ಹೊರತು ಬೇರೇನೂ ಇಲ್ಲ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಟರೆ ಬೇಗ ಬಿಸಿಯಾಗುತ್ತದೆ.

ಇಲ್ಲೊಂದು ಮರೆಯಾದ ಕಳ್ಳ ಇದ್ದಾನೆ, ಥರ್ಮೋಸ್ಟಾಟ್: ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್. ಅದು ತೆರೆದ ಸ್ಥಿತಿಯಲ್ಲೇ ಅಂಟಿಕೊಂಡರೆ, ಅಥವಾ ‘ಎಂಜಿನ್ ಬಿಸಿಯಾಗದಿರಲಿ’ ಎಂದು ಯಾರಾದರೂ ಮೆಕ್ಯಾನಿಕ್ ಅದನ್ನು ಕಿತ್ತುಹಾಕಿದ್ದರೆ, ಕೂಲೆಂಟ್ ಎಂದೂ 85ರಿಂದ 95 ಡಿಗ್ರಿಗೆ ಬರುವುದೇ ಇಲ್ಲ. ಇಸಿಯು ಎಂಜಿನ್ ಇನ್ನೂ ತಣ್ಣಗಿದೆ ಎಂದೇ ತಿಳಿದು ಹೆಚ್ಚು ಪೆಟ್ರೋಲ್ ಕೊಡುತ್ತಿರುತ್ತದೆ. ಓಡಿಸುವವರಿಗೆ ಏನೂ ಗೊತ್ತಾಗುವುದಿಲ್ಲ. ಇಸಿಯುಗೆ ಜೋಡಿಸಿ ದೋಷಗಳನ್ನು ಓದುವ ಸ್ಕ್ಯಾನರ್‌ನಲ್ಲಿ ಪಿ0128 ಎಂಬ ಕೋಡ್ ಸಿಕ್ಕರೆ ಇದೇ ಎಂದು ತಿಳಿಯಿರಿ.

ಟೈರ್, ಬ್ರೇಕ್, ತೂಕ

ಗಾಳಿ ಕಡಿಮೆಯಿದ್ದರೆ ಮೈಲೇಜ್ ಬೀಳುತ್ತದೆ, ಆದರೆ ಜನ ಹೇಳುವಷ್ಟಲ್ಲ: ನಾಲ್ಕೂ ಟೈರಿನಲ್ಲಿ 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿದರೆ ಶೇ. 0.2ರಷ್ಟು. ಟೈರು ತಿಂಗಳಿಗೆ ಸುಮಾರು 1 ಪಿಎಸ್‌ಐ ತಾನಾಗಿ ಕಳೆದುಕೊಳ್ಳುತ್ತದೆ. ಹವೆ 10 ಡಿಗ್ರಿ ತಣ್ಣಗಾದರೆ ಇನ್ನೂ ಸುಮಾರು 2 ಇಳಿಯುತ್ತದೆ. ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿ ಬರೆದ ಅಂಕಿ ತಣ್ಣಗಿನ ಟೈರಿಗೆ. ಓಡಿಸಿಕೊಂಡು ಹೋಗಿ ಬಿಸಿ ಟೈರಿನಲ್ಲಿ 33 ಕಂಡು ಸಮಾಧಾನಪಟ್ಟರೆ, ತಣ್ಣಗಾದ ಮೇಲೆ ಅದು 29 ಅಥವಾ 30. ಹೇಳಿದ್ದಕ್ಕಿಂತ ಐದಾರು ಪಿಎಸ್‌ಐ ಹೆಚ್ಚು ತುಂಬಿಸಿದರೆ ಉಳಿಯುವುದು ಅತ್ಯಲ್ಪ. ಕಳೆದುಕೊಳ್ಳುವುದು ಬ್ರೇಕ್ ಹಿಡಿತ.

ಬ್ರೇಕ್ ಅಂಟಿಕೊಂಡಿರುವುದು ಇದಕ್ಕಿಂತ ದೊಡ್ಡ ಕಾಯಿಲೆ, ಮತ್ತು ಅದನ್ನು ಹುಡುಕುವವರು ಕಡಿಮೆ. ಕ್ಯಾಲಿಪರಿನ ಸ್ಲೈಡ್ ಪಿನ್ನುಗಳ ಗ್ರೀಸ್ ಒಣಗಿದರೆ ಪ್ಯಾಡ್ ಡಿಸ್ಕನ್ನು ಬಿಡುವುದಿಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದರೆ ಹಿಂದಿನ ಡ್ರಮ್ ಉಜ್ಜುತ್ತಿರುತ್ತದೆ. ಬ್ರೇಕ್ ಹೆಚ್ಚು ಬಳಸದೆ ಕೆಲವು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಅದರ ಜೋಡಿಗಿಂತ ಎದ್ದು ಕಾಣುವಷ್ಟು ಬಿಸಿಯಿದ್ದರೆ ಅಲ್ಲೇ ತೊಂದರೆ. ಸಮತಟ್ಟಾದ ನೆಲದಲ್ಲಿ ನ್ಯೂಟ್ರಲ್‌ಗೆ ಹಾಕಿದ ಸಣ್ಣ ಕಾರನ್ನು ಒಬ್ಬರೇ ತಳ್ಳಲು ಆಗಬೇಕು.

ತೂಕದ ವಿಷಯದಲ್ಲಿ, ಡಿಕ್ಕಿಯಲ್ಲಿ ಬಿದ್ದಿರುವ 50 ಕೆ.ಜಿ. ಸಾಮಾನು ನಿಂತು ಹೊರಡುವ ಟ್ರಾಫಿಕ್‌ನಲ್ಲಿ ಶೇ. 2ರಷ್ಟು ಹೆಚ್ಚು ಕುಡಿಸುತ್ತದೆ. ನಾಲ್ಕು ಜನ ಕೂತರೆ ವ್ಯತ್ಯಾಸ ಕಾಣುವಂತೆಯೇ ಇರುತ್ತದೆ, ಆದರೆ ಆಗ ತಲೆಗೊಂದು ಲೆಕ್ಕ ಹಾಕಿದರೆ ಅದೇ ಅಗ್ಗ.

ಸರ್ವಿಸ್‌ನಲ್ಲಿ ಏನು ನೋಡಿಸಬೇಕು

ಮೈಲೇಜ್ ಬಿತ್ತು ಎಂದ ಕೂಡಲೇ ಏರ್ ಫಿಲ್ಟರ್ ಬದಲಿಸುವ ರೂಢಿ ಇದೆ. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿನಲ್ಲಿ ಕೊಳಕು ಫಿಲ್ಟರಿನಿಂದ ಪಿಕಪ್ ಕುಗ್ಗುತ್ತದೆಯೇ ಹೊರತು ಮೈಲೇಜ್ ಅಷ್ಟಾಗಿ ಬೀಳುವುದಿಲ್ಲ. ಕಾರಣ ಸರಳ: ಸಿಟಿಯಲ್ಲಿ ಥ್ರಾಟಲ್ ಹೇಗೂ ಬಹುಪಾಲು ಮುಚ್ಚಿರುತ್ತದೆ, ಅದರ ತಡೆಯ ಮುಂದೆ ಫಿಲ್ಟರಿನ ತಡೆ ಏನೂ ಅಲ್ಲ. ಒಳಬಂದ ಗಾಳಿಯನ್ನು ಅಳೆದೇ ಇಸಿಯು ಪೆಟ್ರೋಲ್ ಕೊಡುತ್ತದೆ. ಎಂಜಿನ್ ಒಳಗೆ ಧೂಳು ಹೋಗದಿರಲಿ ಎಂದು ಫಿಲ್ಟರ್ ಬದಲಿಸಿ, ಮೈಲೇಜಿಗೆ ಎಂದಲ್ಲ.

ನಿಜವಾದ ಅನುಮಾನ ಆಕ್ಸಿಜನ್ ಸೆನ್ಸರ್ ಮೇಲಿರಲಿ. ಸೈಲೆನ್ಸರ್ ಪೈಪಿನಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಇಂಧನ ತಿದ್ದಲು ಇಸಿಯುಗೆ ಕಣ್ಣಾಗಿರುವುದು ಅದೇ. ಅದು ತಪ್ಪು ಹೇಳಿದರೆ ಮೈಲೇಜ್ ಶೇ. 20, 30 ಬೀಳುವುದೂ ಸಾಧ್ಯ. ಅದೇ ಸ್ಕ್ಯಾನರನ್ನು ಕಾರಿನ ಓಬಿಡಿ ಸಾಕೆಟ್ಟಿಗೆ ಹಾಕಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಇಂಧನವನ್ನು ಶೇಕಡ ಎಷ್ಟು ಹೆಚ್ಚು ಕಡಿಮೆ ತಿದ್ದುತ್ತಿದೆ ಎಂಬುದನ್ನು ನೋಡಿಸಿ. ಸೊನ್ನೆಯ ಆಚೀಚೆ 5ರೊಳಗಿದ್ದರೆ ಆರೋಗ್ಯ. ಮೈನಸ್ 10 ದಾಟಿದ್ದರೆ ಎಲ್ಲಿಂದಲೋ ಹೆಚ್ಚು ಪೆಟ್ರೋಲ್ ಬರುತ್ತಿದೆ, ಇಸಿಯು ಅದನ್ನು ಕಡಿತ ಮಾಡಲು ಒದ್ದಾಡುತ್ತಿದೆ ಎಂದರ್ಥ: ಸೋರುವ ಇಂಜೆಕ್ಟರ್, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಮುಚ್ಚದಿರುವುದು, ಒಳಬರುವ ಗಾಳಿಯ ಒತ್ತಡವನ್ನು ತಪ್ಪು ಅಳೆಯುವ ಮ್ಯಾಪ್ ಸೆನ್ಸರ್. ಪ್ಲಸ್ 10 ದಾಟಿದ್ದರೆ ಇನ್‌ಟೇಕ್ ಪೈಪಿನ ಬಿರುಕಿನಿಂದ ಕಳ್ಳಗಾಳಿ ನುಗ್ಗುತ್ತಿರಬಹುದು, ಇಲ್ಲವೇ ಫ್ಯೂಯಲ್ ಪಂಪ್ ಸೋತಿರಬಹುದು. ಯಾವ ಭಾಗ ಬದಲಿಸುವ ಮೊದಲೂ ಈ ಅಂಕಿ ನೋಡಿ ಎಂದು ಒತ್ತಾಯಿಸಿ. ಊಹೆಯ ಮೇಲೆ ಭಾಗ ಬದಲಿಸುತ್ತ ಹೋದರೆ ಉಳಿಸಬೇಕೆಂದ ಪೆಟ್ರೋಲಿಗಿಂತ ಹೆಚ್ಚು ಖರ್ಚಾಗುತ್ತದೆ.

ಆಯಿಲ್ ಮ್ಯಾನ್ಯುವಲ್‌ನಲ್ಲಿ ಹೇಳಿದ ದಪ್ಪದ್ದೇ ಇರಲಿ. 0ಡಬ್ಲ್ಯು-20ಯಂಥ ತೆಳು ಆಯಿಲ್ ಹೇಳಿದ ಎಂಜಿನ್ನಿಗೆ ದಪ್ಪ ಆಯಿಲ್ ಸುರಿದರೆ ಒಂದೆರಡು ಶೇಕಡ ಹೋಗುತ್ತದೆ. ಸ್ಪಾರ್ಕ್ ಪ್ಲಗ್ ಅವಧಿ ಮೀರಿದರೆ ಮಿಸ್‌ಫೈರ್, ಅಂದರೆ ಸುಡದ ಪೆಟ್ರೋಲ್ ನೇರ ಸೈಲೆನ್ಸರಿಗೆ, ಅಲ್ಲಿಂದ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು. ಪೈಪಿಗೆ ಕಟ್ಟುವ ಅಯಸ್ಕಾಂತ, ಸಿಗರೇಟ್ ಲೈಟರಿಗೆ ಚುಚ್ಚುವ ‘ಫ್ಯೂಯಲ್ ಸೇವರ್’ ಇವು ಏನನ್ನೂ ಮಾಡುವುದಿಲ್ಲ. ಸಾಮಾನ್ಯ ಪೆಟ್ರೋಲಿಗೆಂದು ಮಾಡಿದ ಎಂಜಿನ್ನಿಗೆ ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಿದರೂ ಮೈಲೇಜ್ ಏರದು. ಎಥೆನಾಲ್ ಮಿಶ್ರಣ ಮಾತ್ರ ಲೆಕ್ಕಕ್ಕೆ ಬರುವಂಥದ್ದು: ಎಥೆನಾಲಿನ ಒಂದು ಲೀಟರಿನಲ್ಲಿರುವುದು ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ. ಆದ್ದರಿಂದ ಶೇ. 10 ಮಿಶ್ರಣದಲ್ಲಿ ಲೀಟರಿನ ಶಕ್ತಿ ಸುಮಾರು ಶೇ. 3ರಷ್ಟು, ಶೇ. 20 ಮಿಶ್ರಣದಲ್ಲಿ ಶೇ. 7ರ ಹತ್ತಿರ ಕಡಿಮೆ.

ಅಳೆಯುವುದು

ಇಷ್ಟೆಲ್ಲ ತಿದ್ದಿಕೊಂಡರೂ ಅಳತೆ ತಪ್ಪಿದರೆ ಪ್ರಯೋಜನವಿಲ್ಲ. ಡ್ಯಾಶ್‌ಬೋರ್ಡಿನ ಅಂಕಿ ಸಾಮಾನ್ಯವಾಗಿ ಉದಾರಿ, ಇರುವುದಕ್ಕಿಂತ ಹೆಚ್ಚು ತೋರಿಸುವ ಕಡೆಗೇ ವಾಲಿರುತ್ತದೆ. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಲೆಕ್ಕ ಹಾಕುವುದು ಉತ್ತಮ. ಆದರೆ ಪೈಪಿನ ನಾಜಲ್ ಆಟೋ ಕಟ್ ಆಗುವ ಬಿಂದು ಪಂಪಿನಿಂದ ಪಂಪಿಗೆ, ಕಾರು ನಿಂತ ಇಳಿಜಾರಿನಿಂದ ಇಳಿಜಾರಿಗೆ ಬದಲಾಗುತ್ತದೆ. ಒಂದು ಲೀಟರ್ ಹೆಚ್ಚು ಕಡಿಮೆ ಮಾಮೂಲು. ಹತ್ತು ಲೀಟರ್ ಹಾಕಿಸಿ ಲೆಕ್ಕ ಮಾಡಿದರೆ ಅಲ್ಲಿಯೇ ಶೇ. 10ರ ತಪ್ಪು ಕೂತಿದೆ. ಮೊದಲ ಕಟ್‌ಗೇ ನಿಲ್ಲಿಸಿ, ನಾಲ್ಕೈದು ಟ್ಯಾಂಕಿನ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ನೂರು ಲೀಟರಿನ ಮೇಲೆ ಆ ಒಂದು ಲೀಟರ್ ಶೇ. 1 ಮಾತ್ರ.

ಟೈರಿನ ಅಳತೆ ಬದಲಿಸಿದ್ದರೆ ಓಡೋಮೀಟರ್ ಕೂಡ ಸುಳ್ಳು ಹೇಳುತ್ತದೆ. 175/65 ಆರ್14 ಇದ್ದಲ್ಲಿ 185/65 ಆರ್14 ಹಾಕಿಸಿದರೆ ಸುತ್ತಳತೆ ಶೇ. 2.2 ದೊಡ್ಡದು; 1,000 ಕಿ.ಮೀ. ಎಂದು ಮೀಟರ್ ತೋರಿಸಿದಾಗ ಕಾರು ಓಡಿದ್ದು 1,022. ಪೂರ್ತಿ ಸವೆದ ಟೈರು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ತದ್ವಿರುದ್ಧ ಸುಳ್ಳು ಹೇಳುತ್ತದೆ. ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿತ್ತು ಎನ್ನುವವರ ದೂರಿನಲ್ಲಿ ಒಂದಷ್ಟು ಪಾಲು ಇದರದ್ದೇ.

ಸರಾಸರಿ ತೆಗೆಯುವಾಗ ಇನ್ನೊಂದು ಬಲೆ. ಅರ್ಧ ದೂರ ಲೀಟರಿಗೆ 20, ಇನ್ನರ್ಧ ದೂರ 10 ಬಂದರೆ ಸರಾಸರಿ 15 ಅಲ್ಲ, 13.3. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಲೆಕ್ಕ ಹಾಕಿದರೆ ಈ ಗೊಂದಲ ಇರುವುದಿಲ್ಲ: 5 ಮತ್ತು 10, ಸರಾಸರಿ 7.5.

ಕಂಪನಿ ಹೇಳಿದ ಅಂಕಿಯ ಜೊತೆ ಹೋಲಿಸುವುದಾದರೆ ಆ ಅಂಕಿ ಹೇಗೆ ಬಂತು ಎಂದು ತಿಳಿದಿರಲಿ. ಯುರೋಪಿನಲ್ಲಿ ಬಳಸುವ ಡಬ್ಲ್ಯುಎಲ್‌ಟಿಪಿ ಪರೀಕ್ಷೆ 30 ನಿಮಿಷದ್ದು, 23 ಕಿ.ಮೀ. ದೂರ, ಸರಾಸರಿ ವೇಗ 46 ಕಿ.ಮೀ., ಎಸಿ ಆಫ್. ಅದರ ನಗರ ಭಾಗದಲ್ಲೂ ಸರಾಸರಿ ವೇಗ 19 ಕಿ.ಮೀ. ಹತ್ತಿರ ಇದೆ. ಅಮೆರಿಕದಲ್ಲಿ 2008ರ ಮಾದರಿಗಳಿಂದೀಚೆಗೆ ಎಸಿ ಹಾಕಿದ ಮತ್ತು ಕೊರೆಯುವ ಚಳಿಯ ಪರೀಕ್ಷೆಗಳನ್ನೂ ಸೇರಿಸಿದ ಮೇಲೆ ಅಲ್ಲಿನ ಅಂಕಿಗಳು ರಸ್ತೆಯ ಅನುಭವಕ್ಕೆ ಹತ್ತಿರ ಬಂದವು. ನಿಮ್ಮ ಕಾರಿಗೆ ಹೋಲಿಕೆ ಬೇಕಿದ್ದರೆ ಟ್ರಿಪ್ ಮೀಟರ್ ಜೊತೆಗೆ ಸರಾಸರಿ ವೇಗವನ್ನೂ ಬರೆದಿಡಿ. ಬಹಳಷ್ಟು ಕಾರುಗಳ ಡಿಸ್‌ಪ್ಲೇಯಲ್ಲಿ ಅದು ಸಿಗುತ್ತದೆ. ಹೋದ ತಿಂಗಳು ಸರಾಸರಿ ವೇಗ 19 ಇದ್ದಾಗ ಲೀಟರಿಗೆ 15 ಬಂದದ್ದು ಈ ತಿಂಗಳು 14ರ ಸರಾಸರಿಯಲ್ಲಿ 12.5 ಬಂದರೆ ಕಾರಿಗೆ ಏನೂ ಆಗಿಲ್ಲ, ರಸ್ತೆ ಬದಲಾಗಿದೆ. ಸರಾಸರಿ ವೇಗವೂ ಎಸಿ ಬಳಕೆಯೂ ಹಾಗೇ ಇದ್ದು ಮೈಲೇಜ್ ಶೇ. 10ಕ್ಕಿಂತ ಹೆಚ್ಚು ಬಿದ್ದಿದ್ದರೆ ಆಗ ಚಕ್ರಗಳ ಬಿಸಿ ನೋಡಿ, ಆಮೇಲೆ ಕೂಲೆಂಟ್ ತಾಪಮಾನ, ಕೊನೆಗೆ ಫ್ಯೂಯಲ್ ಟ್ರಿಮ್.